ಸಸಿಯನ್ನು ಕಾಯೋಣ, ವಿಷವನ್ನು ಚೆಲ್ಲದಿರೋಣ

ಮುಂಬಯಿಯಲ್ಲಿ ಮೃಗಶಿರಾ ಮಳೆ ಹಿಡಿದೊಡನೆ ನಮ್ಮ ಜನರ ಮನಸ್ಸಿನಲ್ಲಿ ಊರಿನ ಹಿತ್ತಿಲು ಚಿಗುರುವುದು ಸಹಜ. ಊರಿನಿಂದ ತಂದ ಬಸಳೆಯ ಬಳ್ಳಿಯ ತುಂಡು, ಕಾಗದದ ಪೊಟ್ಟಣದಲ್ಲಿ ಕಟ್ಟಿಸಿಕೊಂಡು ಬಂದ ಹರಿವೆಯ ಬೀಜ, ನಾಲ್ಕು ಅಲಸಂದೆಯ ಕಾಳು, ಇವು ಬಾಲ್ಕನಿಯ ಕುಂಡದಲ್ಲಿಯೋ ಸೊಸೈಟಿಯ ಆವರಣದ ಅಂಚಿನಲ್ಲಿಯೋ ಮೊಳೆಯುತ್ತವೆ. ಒಂದು ವಾರ ಕಣ್ಣಿಗೆ ಹಬ್ಬ. ಎಂಟನೆಯ ದಿನ ಬೆಳಿಗ್ಗೆ ನೋಡಿದರೆ ಸಾಲಿಗೆ ಸಾಲೇ ಮಾಯವಾಗಿ, ಮಣ್ಣಿನ ಮೇಲೆ ಬೆಳ್ಳಿಯ ಗೆರೆಯಂತೆ ಮಿನುಗುವ ಲೋಳೆಯ ಜಾಡು ಮಾತ್ರ ಉಳಿದಿರುತ್ತದೆ. ನಾವು ಬಸವನಹುಳು ಎನ್ನುವ, ಇಲ್ಲಿಯ ಮರಾಠಿ ಬಂಧುಗಳು ಗೋಗಲಗಾಯ ಎನ್ನುವ ಪ್ರಾಣಿಯ ಕೆಲಸವಿದು. ಎರಡು ಭಾಷೆಗಳೂ ಅದಕ್ಕೆ ದನದ ಹೆಸರನ್ನೇ ಇಟ್ಟಿವೆ. ಮೇಯುವುದರಲ್ಲಿ ಅದು ಆ ಹೆಸರಿಗೆ ತಕ್ಕದ್ದೇ ಆಗಿದೆ.

ಕಳೆದ ಮಳೆಗಾಲದಲ್ಲಿ ನಮ್ಮ ಸೊಸೈಟಿಯಲ್ಲಿ ಇದರ ಕಾಟ ಹೆಚ್ಚಿದಾಗ, ಯಾರೋ ಉತ್ಸಾಹಿಗಳು ಅಂಗಡಿಯಿಂದ ವಿಷದ ಗುಳಿಗೆಗಳನ್ನು ತಂದು ಗಿಡಗಳ ಬುಡದಲ್ಲೆಲ್ಲ ಎರಚಿದರು. ಹುಳುಗಳು ಸತ್ತುವು, ನಿಜ. ಮೂರನೆಯ ದಿನ ಕಾವಲುಗಾರನ ಗೂಡಿನ ಬಳಿ ಮಲಗುತ್ತಿದ್ದ ಬಡ ನಾಯಿಯೂ ಸತ್ತಿತು. ಅದೇ ಆವರಣದಲ್ಲಿ ಸಂಜೆ ನಮ್ಮ ಮೊಮ್ಮಕ್ಕಳು ಆಡುತ್ತಾರೆ. ಅಂದಿನಿಂದ ನನ್ನಲ್ಲಿ ಗಟ್ಟಿಯಾದ ಅಭಿಪ್ರಾಯವನ್ನು ಈ ಸಂಚಿಕೆಯ ವಾಚಕರ ಮುಂದಿಡಲು ಬಯಸುತ್ತೇನೆ: ಜನ ವಾಸಿಸುವ ಆವರಣದಲ್ಲಿ ಒಂದು ಹಿಡಿ ಸೊಪ್ಪಿಗಾಗಿ ವಿಷ ಚೆಲ್ಲುವುದು ಅವಿವೇಕ, ಅದರ ಅವಶ್ಯಕತೆಯೂ ಇಲ್ಲ.

ಇಂತಹ ಗುಳಿಗೆಗಳಲ್ಲಿ ಸಾಮಾನ್ಯವಾಗಿ ಇರುವುದು ಮೆಟಾಲ್ಡಿಹೈಡ್ ಎಂಬ ರಾಸಾಯನಿಕ. ಹುಳುವನ್ನು ಸೆಳೆಯಲೆಂದು ಅದನ್ನು ಧಾನ್ಯದ ಹಿಟ್ಟಿನಲ್ಲಿ ಬೆರೆಸಿರುತ್ತಾರೆ. ಅದೇ ರುಚಿ ನಾಯಿಯನ್ನೂ ಸೆಳೆಯುತ್ತದೆ. ಬ್ರಿಟನ್ ದೇಶವು ವನ್ಯಜೀವಿಗಳಿಗೆ ಆಗುವ ಅಪಾಯವನ್ನು ಪರಿಗಣಿಸಿ, 2022ರಿಂದ ಇದರ ಹೊರಾಂಗಣ ಬಳಕೆಯನ್ನೇ ನಿಷೇಧಿಸಿದೆ. ವಿಸ್ತಾರವಾದ ತೋಟಗಳಿಗೇ ಸಲ್ಲದೆಂದು ಅಲ್ಲಿ ತೀರ್ಮಾನವಾದದ್ದು ನಮ್ಮ ಇಕ್ಕಟ್ಟಿನ ಅಂಗಳಕ್ಕೆ ಸಲ್ಲುವುದು ಹೇಗೆ?

ಹಾಗೆಂದು ಈ ಹುಳು ನಿರಪಾಯಕಾರಿಯೆಂದು ನಾನು ಹೇಳುತ್ತಿಲ್ಲ. ನಮ್ಮ ಆವರಣಗಳಲ್ಲಿ ಕಾಣುವ ದೊಡ್ಡ ಕಂದು ಚಿಪ್ಪಿನದು ನಮ್ಮ ನೆಲದ್ದಲ್ಲ, ಪೂರ್ವ ಆಫ್ರಿಕದ್ದು. 1847ರಲ್ಲಿ ಬೆನ್ಸನ್ ಎಂಬವನು ಮಾರಿಷಸ್ಸಿನಿಂದ ಕೆಲವನ್ನು ಕಲಕತ್ತೆಗೆ ತಂದನು; ಅಲ್ಲಿಯ ತೋಟದಲ್ಲಿ ಬಿಟ್ಟವುಗಳ ಸಂತತಿ ದೇಶದಲ್ಲಿ ಹರಡಿತು. ನಮ್ಮ ಕೊಡಗಿನ ಶನಿವಾರಸಂತೆಯ ಕಡೆಯ ಕಾಫಿ ಬೆಳೆಗಾರರು ಶಂಖದ ಹುಳುವೆಂದು ಹೆದರುವುದೂ ಇದನ್ನೇ. ಪ್ರತಿಯೊಂದು ಹುಳುವಿನಲ್ಲಿಯೂ ಗಂಡು ಹೆಣ್ಣು ಎರಡೂ ಅಂಗಗಳಿದ್ದು, ಒಂದು ಸಲಕ್ಕೆ ನೂರಕ್ಕೂ ಮಿಕ್ಕಿ ಮೊಟ್ಟೆಗಳನ್ನಿಡಬಲ್ಲದು. ಬೇಸಗೆಯಲ್ಲಿ ಚಿಪ್ಪಿನ ಬಾಯಿಗೆ ಪೊರೆ ಕಟ್ಟಿಕೊಂಡು ತಿಂಗಳುಗಟ್ಟಲೆ ನಿದ್ರಿಸಿ, ಮೊದಲ ಮಳೆಗೆ ಎದ್ದು ಬರುತ್ತದೆ.

ಆರೋಗ್ಯದ ದೃಷ್ಟಿಯಿಂದಲೂ ಎಚ್ಚರ ಅಗತ್ಯ. ಇಲಿಯ ಶ್ವಾಸಕೋಶದಲ್ಲಿ ವಾಸಿಸುವ ಒಂದು ಪರೋಪಜೀವಿ ಹುಳುವಿನ ಮರಿಗಳು ಇಲಿಯ ಹಿಕ್ಕೆಯ ಮೂಲಕ ಬಸವನಹುಳುವಿನ ದೇಹವನ್ನು ಸೇರುತ್ತವೆ. ಸೊಪ್ಪಿನಲ್ಲಿ ಅಡಗಿದ ಸಣ್ಣ ಬಸವನಹುಳು ಹಸಿಯಾಗಿ ಹೊಟ್ಟೆಗೆ ಹೋದರೆ ಆ ಮರಿಗಳು ಮನುಷ್ಯನ ಮಿದುಳಿನ ಪೊರೆಯಲ್ಲಿ ಉರಿಯೂತವನ್ನು ಉಂಟುಮಾಡಬಲ್ಲವು. ರೋಗ ವಿರಳ, ಆದರೆ ಮಕ್ಕಳಲ್ಲಿ ಘೋರ. ಆದುದರಿಂದ ಹುಳುವನ್ನು ಬರಿಗೈಯಲ್ಲಿ ಮುಟ್ಟಬಾರದು. ಕೋಸಂಬರಿಗೆ ಹಾಕುವ ಕೊತ್ತಂಬರಿ, ಮೆಂತ್ಯದ ಎಲೆಗಳನ್ನು ಒಂದೊಂದಾಗಿ ಬಿಡಿಸಿ, ಹರಿಯುವ ನೀರಿನಲ್ಲಿ ತೊಳೆಯಬೇಕು. ಬೇಯಿಸಿದ ಸೊಪ್ಪಿನಿಂದ ಭಯವಿಲ್ಲ.

ಹಾಗಾದರೆ ಉಪಾಯವೇನು? ಹುಳುವಿಗೆ ಪ್ರಿಯವಾದುದು ಎಳೆಯ ಸಸಿ. ಕಾಂಡ ಬಲಿತ ಗಿಡ ಒಂದೆರಡು ಎಲೆ ಹೋದರೂ ಬದುಕುತ್ತದೆ. ಆದುದರಿಂದ ನಾವು ಇಡೀ ಆವರಣದ ಮೇಲೆ ಯುದ್ಧ ಹೂಡಬೇಕಾಗಿಲ್ಲ. ಎರಡು ಮೂರು ವಾರ ಸಸಿಯನ್ನು ಕಾಯ್ದರೆ ಸಾಕು. ಬೀಜವನ್ನು ನೆಲಕ್ಕೆ ಹಾಕದೆ, ಕಿಟಕಿಯ ಕಟ್ಟೆಯ ಮೇಲಿನ ತಟ್ಟೆಯಲ್ಲಿ ಮೊಳೆಯಿಸಿ, ಆರೆಂಟು ಎಲೆ ಬಂದ ಬಳಿಕ ನೆಡಬೇಕು. ನೆಟ್ಟ ಸಸಿಗೆ ತಳ ಕತ್ತರಿಸಿದ, ಮುಚ್ಚಳ ತೆಗೆದ ಪ್ಲಾಸ್ಟಿಕ್ ಬಾಟಲಿಯನ್ನು ಮಣ್ಣಿಗೆ ಒತ್ತಿ ಹೊದಿಸಬೇಕು. ನೀರನ್ನು ಸಂಜೆಯ ಬದಲು ಬೆಳಿಗ್ಗೆ ಹಾಕಿದರೆ ರಾತ್ರಿಯ ಹೊತ್ತಿಗೆ ಮೇಲ್ಮಣ್ಣು ಒಣಗಿ ಹುಳುವಿನ ಸಂಚಾರ ಕಡಿಮೆಯಾಗುತ್ತದೆ. ಮುಸ್ಸಂಜೆಗೆ ಒದ್ದೆಯ ಗೋಣಿಚೀಲದ ಅಡಿ ಪಪ್ಪಾಯಿಯ ಎಲೆ ಅಥವಾ ಎಲೆಕೋಸಿನ ಹೊರಸಿಪ್ಪೆಯನ್ನಿಟ್ಟರೆ ಹುಳುಗಳು ಅಲ್ಲಿ ಸೇರುತ್ತವೆ. ಬೆಳಿಗ್ಗೆ ಕೈಗವಸು ತೊಟ್ಟು ಹೆಕ್ಕಬಹುದು. ಒಡೆದ ಕುಂಡ, ಹೆಂಚಿನ ಚೂರುಗಳ ರಾಶಿಯನ್ನು ತೆಗೆದರೆ ಹಗಲಿನ ಅಡಗುದಾಣವೂ ಇಲ್ಲವಾಗುತ್ತದೆ, ಇಲಿಯೂ ದೂರವಾಗುತ್ತದೆ.

ಬೂದಿ, ಸುಣ್ಣಗಳ ಬೇಲಿಯನ್ನು ಹಿರಿಯರು ಹೇಳುವುದುಂಟು. ಒಣ ದಿನಗಳಲ್ಲಿ ಅದು ನಡೆದೀತು, ಮುಂಬಯಿಯ ಜಡಿಮಳೆಯಲ್ಲಿ ಒಂದು ಗಂಟೆಯೂ ನಿಲ್ಲದು. ಮೊಟ್ಟೆಯ ಸಿಪ್ಪೆ, ತಾಮ್ರದ ಪಟ್ಟಿ ಮುಂತಾದವನ್ನು ಇಂಗ್ಲೆಂಡಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ಪರೀಕ್ಷಿಸಿ, ಅವುಗಳಿಂದ ಹೇಳಿಕೊಳ್ಳುವಂತಹ ಪ್ರಯೋಜನ ಕಾಣಲಿಲ್ಲವೆಂದು 2018ರಲ್ಲಿ ಪ್ರಕಟಿಸಿತು. ಗಿಡದ ಬುಡಕ್ಕೆ ಉಪ್ಪು ಸುರಿಯುವುದಂತೂ ಮಣ್ಣನ್ನೇ ಕೆಡಿಸುವ ಕೆಲಸ. ಇನ್ನು ಶತ್ರುವಿಗೆ ಶತ್ರುವನ್ನು ಹೊರಗಿನಿಂದ ತರುವ ಮಾತು: 1955ರಲ್ಲಿ ಹವಾಯಿ ದ್ವೀಪಗಳಲ್ಲಿ ಇದೇ ಹುಳುವನ್ನು ತಿನ್ನಲೆಂದು ಬೇರೊಂದು ಮಾಂಸಾಹಾರಿ ಬಸವನಹುಳುವನ್ನು ಬಿಟ್ಟರು, ಅದು ಅಲ್ಲಿಯ ಮರಗಳ ಮೇಲಿನ ಅಪರೂಪದ ಬಸವನಹುಳುಗಳನ್ನು ತಿಂದು ಹಲವು ಜಾತಿಗಳ ಅಳಿವಿಗೆ ಕಾರಣವಾಯಿತು. ನಮ್ಮ ಕೆಂಬೂತ ಹಕ್ಕಿ, ಮಿಣುಕುಹುಳದ ಮರಿ ಇವು ತಾವಾಗಿಯೇ ಬಸವನಹುಳುವನ್ನು ತಿನ್ನುತ್ತವೆ. ಅವು ಬದುಕುವಂತೆ ಪೊದೆಗಳನ್ನು ಉಳಿಸಿದರೆ ಸಾಕು.

ಹೆಕ್ಕಿದ ಹುಳುವನ್ನು ಏನು ಮಾಡುವುದೆಂಬ ಪ್ರಶ್ನೆ ನಮ್ಮಲ್ಲಿ ಅನೇಕರನ್ನು ಕಾಡುತ್ತದೆ. ನಮ್ಮ ನೆರೆಯ ಹಿರಿಯರೊಬ್ಬರು ಜೀವಹಿಂಸೆಗೆ ಅಂಜಿ ದಿನವೂ ಚೀಲದಲ್ಲಿ ತುಂಬಿ ನಾಲೆಯ ಆಚೆಗೆ ಬಿಟ್ಟು ಬರುತ್ತಿದ್ದರು. ಅವರ ಕರುಣೆಗೆ ನನ್ನ ನಮಸ್ಕಾರ. ಆದರೆ ಒಂದು ಕಡೆಯಿಂದ ಒಯ್ದು ಇನ್ನೊಂದು ಕಡೆ ಬಿಡುವುದು ಬೆನ್ಸನ್ನನ ಕಾಲದಲ್ಲಿ ನಡೆದ ತಪ್ಪೇ ಅಲ್ಲವೆ? ನಮ್ಮ ಹೊರೆ ಆಚೆಯ ಗುಡಿಸಲಿನವರ ತರಕಾರಿ ಮಡಿಗೆ ವರ್ಗವಾಗುತ್ತದೆ, ಅಷ್ಟೆ. ಗಟ್ಟಿ ಉಪ್ಪುನೀರಿನ ಬಾಲ್ದಿಗೆ ಹಾಕಿ, ಸತ್ತ ಮೇಲೆ ಗಿಡಗಳಿಂದ ದೂರ ಆಳವಾದ ಗುಂಡಿಯಲ್ಲಿ ಹೂಳುವುದೇ ಸರಿ. ಮನಸ್ಸಿಗೆ ಕಷ್ಟವಾದೀತು, ಆದರೆ ವಿಷವೆರಚಿದವರು ಕೊಲ್ಲುವುದನ್ನು ತಾವು ನೋಡುವುದಿಲ್ಲ, ನಾವು ನೋಡುತ್ತೇವೆ. ನೋಡಿ ಮಾಡುವವನ ಕೈ ಮಿತಿ ಮೀರುವುದಿಲ್ಲವೆಂಬುದು ನನ್ನ ನಂಬಿಕೆ.

ದಿನಕ್ಕೆ ಹತ್ತು ನಿಮಿಷದ ಬಿಡುವು ಯಾರಿಗಿದೆ ಎಂದು ಕೇಳುವವರುಂಟು. ಲೋಕಲ್ ಗಾಡಿಗಾಗಿ ಅದಕ್ಕಿಂತ ಹೆಚ್ಚು ಕಾಯುವವರು ನಾವು. ಮೊಮ್ಮಗಳನ್ನು ಜತೆಗೆ ಕರೆದೊಯ್ದರೆ, ಗೋಣಿಯನ್ನು ಎತ್ತುವ ಕುತೂಹಲದಲ್ಲಿ ಅವಳು ಬಸಳೆಗೂ ಹರಿವೆಗೂ ಇರುವ ಭೇದವನ್ನು ಕಲಿಯುತ್ತಾಳೆ. ಮುಟ್ಟುವ ಕೆಲಸ ಮಾತ್ರ ದೊಡ್ಡವರದ್ದಾಗಿರಲಿ. ಮುಂದಿನ ಮಳೆಗೆ ಮುನ್ನ ತಮ್ಮ ತಮ್ಮ ಸೊಸೈಟಿಗಳ ಸಭೆಯಲ್ಲಿ ಈ ವಿಷಯವನ್ನೆತ್ತಿ, ಆವರಣದಲ್ಲಿ ವಿಷದ ಗುಳಿಗೆ ಬಳಸುವುದಿಲ್ಲವೆಂಬ ಒಂದು ಸಾಲಿನ ನಿರ್ಣಯವನ್ನು ಬರೆಸಬೇಕೆಂದು ಸದಸ್ಯ ಬಂಧುಗಳಲ್ಲಿ ನನ್ನ ವಿನಂತಿ.