ಶೇಕಡಾ ನೂರು ಮತ್ತು ಕಾಣೆಯಾದ ಒಂದು ಕುರಿ

ಪ್ರತಿ ವರ್ಷ ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದೊಡನೆ ನಮ್ಮ ಶಾಲೆಗಳ ಹೆಬ್ಬಾಗಿಲುಗಳ ಮೇಲೆ ದೊಡ್ಡ ಫಲಕಗಳು ಏರುತ್ತವೆ. ‘ಶೇಕಡಾ ೧೦೦ ಫಲಿತಾಂಶ’ ಎಂಬ ಅಕ್ಷರಗಳ ಕೆಳಗೆ ನಗುಮೊಗದ ಮಕ್ಕಳ ಭಾವಚಿತ್ರಗಳಿರುತ್ತವೆ. ಭಾನುವಾರ ಪೂಜೆಗೆ ಬಂದವರು ಅದನ್ನು ಓದಿ ಹೆಮ್ಮೆಪಡುತ್ತಾರೆ. ಆದರೆ ಆ ಮಕ್ಕಳೊಡನೆ ಒಂಬತ್ತನೆಯ ತರಗತಿಯಲ್ಲಿ ಕುಳಿತಿದ್ದು, ಹತ್ತನೆಯ ತರಗತಿಯ ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದಂತಾದ ಮಗು ಎಲ್ಲಿ ಹೋಯಿತೆಂದು ಕೇಳುವವರು ಯಾರು?

ಎಲ್ಲ ಶಾಲೆಗಳೂ ಹೀಗೆಂದು ನಾನು ಹೇಳುತ್ತಿಲ್ಲ. ಆದರೆ ಈ ಪದ್ಧತಿಯನ್ನು ಅರಿಯದವರು ಶಿಕ್ಷಣ ಕ್ಷೇತ್ರದಲ್ಲಿ ವಿರಳ. ಒಂಬತ್ತನೆಯ ತರಗತಿಯ ಕೊನೆಯಲ್ಲಿ ತಂದೆತಾಯಿಯರನ್ನು ಮುಖ್ಯೋಪಾಧ್ಯಾಯರ ಕೊಠಡಿಗೆ ಕರೆಸಲಾಗುತ್ತದೆ. “ನಿಮ್ಮ ಮಗನಿಗೆ ಇಲ್ಲಿಯ ಓದು ಭಾರವಾಗುತ್ತಿದೆ, ವರ್ಗಾವಣೆ ಪತ್ರ ತೆಗೆದುಕೊಂಡರೆ ಅವನಿಗೇ ಒಳ್ಳೆಯದು” ಎಂದು ಮೃದುವಾಗಿ ಹೇಳಲಾಗುತ್ತದೆ. ಒಪ್ಪದಿದ್ದರೆ ಅನುತ್ತೀರ್ಣಗೊಳಿಸುವ ಸೂಚನೆ ದೊರೆಯುತ್ತದೆ. ಕೆಲವೆಡೆ ಮಗುವನ್ನು ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆಗೆ ಕೂರಿಸಿ ಶಾಲೆಯ ಲೆಕ್ಕದಿಂದ ಕೈಬಿಡಲಾಗುತ್ತದೆ. ಕೂಲಿಗೆ ಹೋಗುವ ತಂದೆ ಎದುರುತ್ತರ ಕೊಡದೆ ಸಹಿ ಹಾಕುತ್ತಾನೆ. ಕಡತದಲ್ಲಿ ಅದು ‘ಪೋಷಕರ ಕೋರಿಕೆಯ ಮೇರೆಗೆ’ ಎಂದು ದಾಖಲಾಗುತ್ತದೆ. ಇದು ಸುಳ್ಳು. ಮುದ್ರೆ ಒತ್ತಿದ ಮಾತ್ರಕ್ಕೆ ಸುಳ್ಳು ಸತ್ಯವಾಗದು.

ಕಾನೂನಿನ ಮಾತು ಬರಬಹುದು. ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯು ಎಂಟನೆಯ ತರಗತಿ ಮುಗಿಯುವ ತನಕ ಮಗುವನ್ನು ಶಾಲೆಯಿಂದ ಹೊರಹಾಕಬಾರದೆಂದು ವಿಧಿಸಿತು; ಒಂಬತ್ತನೆಯದು ಅದರ ವ್ಯಾಪ್ತಿಗೆ ಬರಲಿಲ್ಲ. ೨೦೧೪ರಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು ಅಲ್ಪಸಂಖ್ಯಾತರ ಶಾಲೆಗಳನ್ನು ಆ ಕಾಯಿದೆಯಿಂದಲೇ ಹೊರಗಿಟ್ಟಿತು. ನಾವು ಸಂತೋಷಪಟ್ಟೆವು. ಆದರೆ ಸಂವಿಧಾನದ ೩೦ನೆಯ ವಿಧಿ ನಮ್ಮ ಶಾಲೆಗಳನ್ನು ರಕ್ಷಿಸುವುದು ಅವು ನಮ್ಮ ಧ್ಯೇಯಕ್ಕೆ ಅನುಸಾರವಾಗಿ ನಡೆಯಲೆಂದೇ ಹೊರತು, ಧ್ಯೇಯವನ್ನು ಕೈಬಿಡಲೆಂದಲ್ಲ. ೧೯೬೫ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಕ್ರೈಸ್ತ ಶಿಕ್ಷಣವನ್ನು ಕುರಿತ ತನ್ನ ಘೋಷಣೆಯಲ್ಲಿ, ಬಡವರನ್ನೂ ಕುಟುಂಬದ ಆಸರೆಯಿಲ್ಲದವರನ್ನೂ ವಿಶೇಷವಾಗಿ ನೆನೆಯಿತು. ಆ ಹೊಣೆಯಿಂದ ನಮಗೆ ಯಾವ ನ್ಯಾಯಾಲಯ ವಿನಾಯಿತಿ ಕೊಟ್ಟಿದೆ?

ಮುಖ್ಯೋಪಾಧ್ಯಾಯರ ಸಂಕಟ ನಿಜವೇ. ಆಡಳಿತ ಮಂಡಳಿ ಪಕ್ಕದ ಶಾಲೆಯ ಫಲಿತಾಂಶವನ್ನು ತೋರಿಸುತ್ತದೆ. ಇಲಾಖೆ ಅಂಕಿಅಂಶ ಕೇಳುತ್ತದೆ. ಅನುದಾನಿತ ಶಾಲೆಗಳಿಗೆ ಅನುದಾನದ ಭಯ. ಆದರೂ ನೀತಿಯ ಪರೀಕ್ಷೆ ನಡೆಯುವುದು ಇಂಥ ಒತ್ತಡದ ಮಧ್ಯದಲ್ಲಿಯೇ. ಮೌಲ್ಯಶಿಕ್ಷಣದ ಅವಧಿಯಲ್ಲಿ ಪ್ರಾಮಾಣಿಕತೆಯನ್ನು ಬೋಧಿಸುವ ಶಾಲೆಯಿಂದ ಮಕ್ಕಳು ನಿಜವಾಗಿ ಕಲಿಯುವುದು, ಹಿಂದಿನ ಬೆಂಚಿನ ಗೆಳೆಯನನ್ನು ಏನು ಮಾಡಲಾಯಿತು ಎಂಬುದನ್ನು ನೋಡಿಯೇ. ೨೦೨೪ರಲ್ಲಿ ಸರ್ಕಾರವೇ ಒಂದೇ ವರ್ಷದಲ್ಲಿ ಮೂರು ಎಸ್.ಎಸ್.ಎಲ್.ಸಿ. ಪರೀಕ್ಷೆಗಳನ್ನು ನಡೆಸಿ, ಎಡವಿದವರಿಗೆ ಮತ್ತೆರಡು ಅವಕಾಶ ಕೊಟ್ಟಿತು. ನಾವೋ ಮೊದಲನೆಯ ಅವಕಾಶವನ್ನೇ ಕಸಿದುಕೊಳ್ಳುತ್ತೇವೆ. ಒಂದು ಮಗು ಅನುತ್ತೀರ್ಣವಾದರೆ ಅದಕ್ಕೆ ಮರುಪರೀಕ್ಷೆಯಿದೆ. ಕೆಡುವುದು ನಮ್ಮ ಫಲಕ ಮಾತ್ರ.

ಸಂತ ಲೂಕನ ಶುಭಸಂದೇಶದ ಹದಿನೈದನೆಯ ಅಧ್ಯಾಯದಲ್ಲಿಯೂ ನೂರರ ಲೆಕ್ಕವಿದೆ. ಆ ಕುರುಬನು ತೊಂಬತ್ತೊಂಬತ್ತನ್ನು ಬಿಟ್ಟು, ತಪ್ಪಿಹೋದ ಒಂದನ್ನು ಹುಡುಕಿ ಹೆಗಲ ಮೇಲೆ ಹೊತ್ತು ತಂದು ನೂರನ್ನು ಪೂರ್ತಿಗೊಳಿಸಿದನು. ನಾವು ಕುಂಟುವ ಒಂದನ್ನು ಹಟ್ಟಿಯಿಂದ ಹೊರಗಟ್ಟಿ, ಉಳಿದುದನ್ನೇ ಶೇಕಡಾ ನೂರೆಂದು ಕರೆಯುತ್ತೇವೆ. ಅವನ ಲೆಕ್ಕಕ್ಕೂ ನಮ್ಮ ಲೆಕ್ಕಕ್ಕೂ ಇರುವ ಅಂತರವೇ ಇಂದು ನಮ್ಮ ಶಾಲೆಗಳಿಗೂ ಶುಭಸಂದೇಶಕ್ಕೂ ಇರುವ ಅಂತರ.

ಆದುದರಿಂದ ಒಂದೇ ಬೇಡಿಕೆ. ಮುಂದಿನ ವರ್ಷ ಫಲಕ ಹಾಕುವುದಾದರೆ ಶೇಕಡಾವಾರಿನ ಪಕ್ಕದಲ್ಲಿ ಇನ್ನೆರಡು ಸಂಖ್ಯೆಗಳಿರಲಿ: ಎಂಟನೆಯ ತರಗತಿಯಲ್ಲಿ ಎಷ್ಟು ಮಕ್ಕಳಿದ್ದರು, ಅವರಲ್ಲಿ ಎಷ್ಟು ಮಂದಿ ನಮ್ಮ ಶಾಲೆಯಿಂದಲೇ ಪರೀಕ್ಷೆಗೆ ಕುಳಿತರು. ಧರ್ಮಕೇಂದ್ರದ ಪಾಲನಾ ಪರಿಷತ್ತು ಅದನ್ನು ಕೇಳಲಿ. ಧರ್ಮಕ್ಷೇತ್ರದ ಶಿಕ್ಷಣ ಮಂಡಳಿ ಅದನ್ನು ಪರಿಶೀಲಿಸಲಿ. ಎಲ್ಲರನ್ನೂ ಕೂರಿಸಿ ಶೇಕಡಾ ತೊಂಬತ್ತು ಪಡೆದ ಮುಖ್ಯೋಪಾಧ್ಯಾಯರಿಗೆ ನಾವು ಎದ್ದುನಿಂತು ಗೌರವ ಸಲ್ಲಿಸೋಣ. ಕಾಣೆಯಾದ ಮಗುವಿನ ಹೆಸರು ನಮ್ಮ ಹಾಜರಿ ಪುಸ್ತಕದಲ್ಲಿ ಅಳಿಸಿರಬಹುದು. ಕುರುಬನ ಪುಸ್ತಕದಲ್ಲಿ ಅಳಿದಿಲ್ಲ.