ಪರದೆಯ ಮೇಲಿನ ಪೆಟ್ಟು, ನನ್ನ ತಂಗಿಯ ಕಿವಿ



ನಮ್ಮ ಸಂಘದ ವಾರದ ಸಭೆಯಲ್ಲಿ ನನ್ನ ತಂಗಿ ಯಾವಾಗಲೂ ಗೋಡೆಗೆ ಎಡಭುಜ ತಾಗಿಸಿ ಕೂರುತ್ತಾಳೆ. ಹೊಸದಾಗಿ ಸೇರಿದವರು ಅದೇಕೆಂದು ಕೇಳುವುದುಂಟು. ಅವಳ ಎಡಗಿವಿ ಕೇಳಿಸುವುದಿಲ್ಲ. ಯಾರ ಉಳಿತಾಯ ಎಷ್ಟು, ಯಾರ ಸಾಲದ ಕಂತು ಎಷ್ಟು ಎಂದು ಓದುವುದು ಕೇಳಬೇಕಾದರೆ ಬಲಗಿವಿ ನಮ್ಮ ಕಡೆಗೆ ಇರಬೇಕು, ಅದಕ್ಕಾಗಿ ಆ ಜಾಗ. ಆ ಕಿವಿ ಹೋದದ್ದು ಕಾಯಿಲೆಯಿಂದಲ್ಲ, ಗಂಡನ ಕೈಯಿಂದ. ಅದರಲ್ಲಿ ನನ್ನದೂ ಒಂದು ಪಾಲಿದೆ, ನಾವು ನೋಡಿದ ಸಿನಿಮಾಗಳದ್ದೂ ಒಂದು ಪಾಲಿದೆ ಎಂದರೆ ನಿಮಗೆ ಅತಿಯಾಯಿತು ಎನಿಸಬಹುದು. ಪೂರ್ತಿ ಓದಿ, ಆಮೇಲೆ ನೀವೇ ತೀರ್ಮಾನಿಸಿ.

ನಮ್ಮದು ಬೀಡಿ ಕಟ್ಟುವ ಮನೆ. ಮಜೂರಿ ಸಿಕ್ಕಿದ ವಾರ ಸ್ವಲ್ಪ ಹಣ ಉಳಿಸಿ, ಸಿಟಿ ಬಸ್ಸು ಹತ್ತಿ ಹಂಪನಕಟ್ಟೆಗೆ ಬಂದು ಮ್ಯಾಟಿನಿ ನೋಡುವುದೇ ನಮ್ಮಿಬ್ಬರ ಹಬ್ಬ. 1989ರಲ್ಲಿ ‘ನಂಜುಂಡಿ ಕಲ್ಯಾಣ’ ಬಂದಾಗ ಎರಡು ಸಲ ನೋಡಿದೆವು. ಸೊಕ್ಕಿನ ಶ್ರೀಮಂತ ಹುಡುಗಿಯನ್ನು ಮದುವೆಯಾಗಿ ಅವಳನ್ನು ‘ದಾರಿಗೆ ತರುವ’ ಕಥೆ ಅದು. ಇದೇ ಎಳೆಯ ‘ಬಹದ್ದೂರ್ ಗಂಡು’ 1976ರಲ್ಲೇ ಬಂದಿತ್ತು. ಆ ಕಾಲದ ಎಷ್ಟೋ ಚಿತ್ರಗಳಲ್ಲಿ ನಾಯಕ ನಾಯಕಿಯ ಕೆನ್ನೆಗೆ ಒಂದು ಬಾರಿಸುವ ದೃಶ್ಯ ಇದ್ದೇ ಇರುತ್ತಿತ್ತು. ಪೆಟ್ಟು ಬಿದ್ದ ಕೂಡಲೇ ಗಾಂಧಿ ಕ್ಲಾಸಿನಿಂದ ಶಿಳ್ಳೆ. ಮುಂದಿನ ದೃಶ್ಯದಲ್ಲಿ ಅವಳು ತಲೆಬಗ್ಗಿಸಿ ಕಾಫಿ ತಂದುಕೊಡುತ್ತಾಳೆ, ಕಣ್ಣಲ್ಲಿ ಪ್ರೀತಿ. ಹೆಂಗಸರ ಸಾಲಿನಲ್ಲಿ ಕೂತ ನಾವೂ ನಗುತ್ತಿದ್ದೆವು. ನಾನೂ ನಕ್ಕಿದ್ದೇನೆ. ನನ್ನ ತಂಗಿಯೂ ನಕ್ಕಿದ್ದಾಳೆ.

1992ರ ಮೇ ತಿಂಗಳಲ್ಲಿ ಅವಳ ಮದುವೆಯಾಯಿತು. ಹತ್ತು ಪವನ್ ಚಿನ್ನ, ಜೊತೆಗೆ ಕೈಗೆ ಒಂದಿಷ್ಟು ನಗದು. ಅದನ್ನು ವರದಕ್ಷಿಣೆ ಎಂದು ಯಾರೂ ಕರೆಯಲಿಲ್ಲ, ‘ಹುಡುಗನ ಖರ್ಚಿಗೆ’ ಎಂದರು. ಆಟಿ ತಿಂಗಳಿಗೆ ತವರಿಗೆ ಬಂದವಳು ಸೋಣ ಹುಟ್ಟಿದರೂ ಹೊರಡಲಿಲ್ಲ. ಒಂದು ಸಂಜೆ ಬೀಡಿ ಎಲೆ ಕತ್ತರಿಸುತ್ತಾ, “ಅಕ್ಕಾ, ನಾನು ಇನ್ನು ಅಲ್ಲಿಗೆ ಹೋಗುವುದಿಲ್ಲ” ಎಂದಳು.

ನಾನು ಏನು ಹೇಳಿದೆ ಗೊತ್ತೇ? “ಮೊದಮೊದಲು ಎಲ್ಲರ ಮನೆಯಲ್ಲೂ ಹೀಗೇ. ಅತ್ತೆ ಸ್ವಲ್ಪ ಜೋರು ಇರಬಹುದು. ನೀನು ತಾಳಿಕೊಂಡು ಹೋಗು, ಒಂದು ದಿನ ಅವರೇ ಸರಿಯಾಗುತ್ತಾರೆ.” ಹೊಡೆಯುವುದು ಯಾರು ಎಂದು ನಾನು ಕೇಳಲೇ ಇಲ್ಲ. ಸೊಸೆಗೆ ಕಷ್ಟ ಎಂದರೆ ಅತ್ತೆಯಿಂದಲೇ ಎಂದು ನನ್ನ ತಲೆಯಲ್ಲಿ ಮೊದಲೇ ಬರೆದಿಟ್ಟಿತ್ತು. ಅದನ್ನು ಬರೆದವರು ಯಾರು? ನನ್ನ ತಾಯಿ ನನಗೆ ಹಾಗೆ ಹೇಳಿಕೊಟ್ಟಿರಲಿಲ್ಲ. ಎಷ್ಟೋ ಮ್ಯಾಟಿನಿಗಳಲ್ಲಿ ಕರವಸ್ತ್ರ ಒದ್ದೆ ಮಾಡಿಕೊಂಡು ನಾನು ಕಲಿತ ಪಾಠ ಅದು.

ಅವಳು ಹೋದಳು. ಏಳು ವರ್ಷ ಕಳೆದು 1999ರಲ್ಲಿ ಮಗುವನ್ನು ಕಟ್ಟಿಕೊಂಡು ಬಂದಾಗ ಎಡಗಿವಿಯ ತಮಟೆ ಹರಿದಿತ್ತು. ಅತ್ತೆ ಅವಳನ್ನು ಒಂದು ದಿನವೂ ಮುಟ್ಟಿರಲಿಲ್ಲವಂತೆ. ಹೊಡೆದಾಗಲೆಲ್ಲ ಬಾಗಿಲು ಹಾಕಿಕೊಂಡು ಒಳಗೆ ಕೂರುತ್ತಿದ್ದರಂತೆ. ಅದೂ ತಪ್ಪೇ. ಆದರೆ ಕೈ ಯಾರದು ಎಂಬುದನ್ನು ಮರೆಯಬಾರದು.

ವರದಕ್ಷಿಣೆಯ ಬಗ್ಗೆ ನಮ್ಮ ಚಿತ್ರರಂಗ ಮಾತಾಡಲೇ ಇಲ್ಲ ಎನ್ನುವಂತಿಲ್ಲ, ಬೇಕಾದಷ್ಟು ಮಾತಾಡಿದೆ. ಆದರೆ ಹೆಚ್ಚಿನ ಕಣ್ಣೀರಿನ ಚಿತ್ರಗಳು ನಮಗೆ ಮೂರು ಸುಳ್ಳುಗಳನ್ನು ಹೇಳಿಕೊಟ್ಟವು. ಒಂದು, ಖಳನಾಯಕಿ ಅತ್ತೆ ಅಥವಾ ನಾದಿನಿ, ಗಂಡ ಪಾಪ ಏನೂ ಅರಿಯದವನು. ಹೆಂಗಸಿಗೆ ಹೆಂಗಸೇ ಶತ್ರು ಎಂಬ ಮಾತು ಊರೂರಿಗೆ ಹಬ್ಬಿದ್ದರಲ್ಲಿ ಈ ಚಿತ್ರಗಳ ಪಾಲು ದೊಡ್ಡದು. ಎರಡು, ತಾಳ್ಮೆಗೆ ಕೊನೆಯ ರೀಲಿನಲ್ಲಿ ಫಲ ಸಿಗುತ್ತದೆ. ಮೂರು, ಬಿಡುಗಡೆ ಬರುವುದಾದರೆ ಅಣ್ಣನ ರೂಪದಲ್ಲಿ ಬರುತ್ತದೆ. ‘ಹಾಲುಂಡ ತವರು’ (1994), ‘ತವರಿನ ತೊಟ್ಟಿಲು’ (1996), ‘ತವರಿಗೆ ಬಾ ತಂಗಿ’ (2002) ಎಂದು ಹೆಸರುಗಳೇ ನಮ್ಮ ಕರುಳು ಹಿಡಿದು ಎಳೆಯುತ್ತಿದ್ದವು. ಪರದೆಯ ತವರು ಕೈಬೀಸಿ ಕರೆಯುತ್ತಿತ್ತು. ಟಾಕೀಸಿನಲ್ಲಿ ಅತ್ತು ಮನೆಗೆ ಬಂದ ನಾವೇ, ತವರಿಗೆ ಬಂದ ತಂಗಿಯನ್ನು ಬಸ್ಸು ಹತ್ತಿಸಿ ಕಳುಹಿಸುತ್ತಿದ್ದೆವು.

ಆ ಚಿತ್ರಗಳು ಹೇಳದೆ ಬಿಟ್ಟದ್ದು ಇನ್ನೊಂದಿದೆ. ಗಂಡ ಮತ್ತು ಅವನ ಮನೆಯವರ ಕ್ರೌರ್ಯವನ್ನು ಅಪರಾಧವೆಂದು ಹೇಳುವ 498ಎ ಕಲಂ ದಂಡಸಂಹಿತೆಗೆ ಸೇರಿದ್ದು 1983ರಲ್ಲಿ. ವರದಕ್ಷಿಣೆ ಸಾವಿನ 304ಬಿ ಕಲಂ ಬಂದದ್ದು 1986ರಲ್ಲಿ. ನನ್ನ ತಂಗಿ ಬೀಡಿ ಎಲೆ ಕತ್ತರಿಸುತ್ತಾ ನನ್ನನ್ನು ಕೇಳಿದ ಸಂಜೆಗೆ ಆ ಮೊದಲ ಕಾನೂನಿಗೆ ಒಂಬತ್ತು ವರ್ಷ ವಯಸ್ಸಾಗಿತ್ತು. ನಮ್ಮಿಬ್ಬರಿಗೂ ಅದು ಗೊತ್ತಿರಲಿಲ್ಲ. ನಾವು ನೋಡಿದ ಯಾವ ಚಿತ್ರದಲ್ಲೂ ಯಾವ ಸೊಸೆಯೂ ಆ ಮಾತೆತ್ತಿದ ನೆನಪು ನನಗಿಲ್ಲ.

ಮನೆಯಲ್ಲಿ ಒಬ್ಬರಿಗೆ ಮಾತ್ರ ಬೇರೆ ಕಥೆ ಗೊತ್ತಿತ್ತು. ಅವರು ನಮ್ಮ ಅಜ್ಜಿ. “ಹುಡುಗಿಯನ್ನು ಕಳುಹಿಸಬೇಡಿ” ಎಂದು ಅಂದು ಹೇಳಿದವರು ಅವರೊಬ್ಬರೇ. ಗದ್ದೆಯಲ್ಲಿ ನೇಜಿ ನೆಡುತ್ತಾ ಸಿರಿಯ ಪಾಡ್ದನ ಹೇಳುತ್ತಿದ್ದವರು ಅವರು. ಬಸುರಿ ಸಿರಿಯ ಬಯಕೆಗೆಂದು ಗಂಡ ಕಾಂತು ಪೂಂಜ ಸೀರೆ ತರುತ್ತಾನೆ. ಆದರೆ ದಾರಿಯಲ್ಲಿ ಸಿದ್ದು ಎಂಬವಳ ಮನೆಯಲ್ಲಿ ತಂಗಿ, ಅವಳು ಉಟ್ಟು ಬಿಟ್ಟ ಸೀರೆಯನ್ನೇ ಹೆಂಡತಿಗೆ ತಂದುಕೊಡುತ್ತಾನೆ. ಸಿರಿ ಆ ಸೀರೆಯನ್ನು ಉಡುವುದಿಲ್ಲ. ಮುಂದೆ ಆ ಮದುವೆಯನ್ನೇ ಮುರಿದು ಕೂಸಿನೊಂದಿಗೆ ಹೊರಡುತ್ತಾಳೆ, ಮತ್ತೊಂದು ಮದುವೆಯಾಗುತ್ತಾಳೆ. ಆ ಸಿರಿಯ ಹೆಸರಿನಲ್ಲಿ ಕವತ್ತಾರು, ನಂದಳಿಕೆ, ಹಿರಿಯಡಕದಂತಹ ಕಡೆ ಇಂದಿಗೂ ಜಾತ್ರೆ ನಡೆಯುತ್ತದೆ. 1990ರ ಡಿಸೆಂಬರಿನಲ್ಲಿ ಬೆಳ್ತಂಗಡಿ ತಾಲೂಕಿನ ಗೋಪಾಲ ನಾಯ್ಕರು ಹಾಡಿದ ಸಿರಿ ಕಾವ್ಯವನ್ನು ಫಿನ್‌ಲೆಂಡಿನ ಲೌರಿ ಹಾಂಕೊ ಅವರು ನಮ್ಮ ವಿವೇಕ ರೈ, ಚಿನ್ನಪ್ಪ ಗೌಡರ ಜೊತೆ ಸೇರಿ ದಾಖಲಿಸಿದರು. ಅದು 15,683 ಸಾಲುಗಳಷ್ಟಿತ್ತು. ವಿದೇಶದಿಂದ ಬಂದವರು ಕೂತು ಕೇಳಿದ ಕಥೆಯನ್ನು ಮೊಮ್ಮಕ್ಕಳಾದ ನಾವು ಕಿವಿಗೆ ಹಾಕಿಕೊಳ್ಳಲಿಲ್ಲ. ನಮಗೆ ಮ್ಯಾಟಿನಿಗೆ ಹೊತ್ತಾಗುತ್ತಿತ್ತು.

ನಮ್ಮದು ಅಳಿಯಕಟ್ಟಿನ ನಾಡು. ಒಗ್ಗದ ಗಂಡನನ್ನು ಬಿಟ್ಟು ತಾಯಿಮನೆಗೆ ಮರಳುವುದು ಇಲ್ಲಿನ ಹಲವು ಸಮುದಾಯಗಳಲ್ಲಿ ನಡೆದು ಬಂದ ಸಂಗತಿಯೇ. ಆಗ ಹೆಂಗಸರಿಗೆ ಎಲ್ಲವೂ ಸುಖವಾಗಿತ್ತು ಎಂದು ನಾನು ಹೇಳುವುದಿಲ್ಲ, ಯಜಮಾನಿಕೆ ಮಾವಂದಿರ ಕೈಯಲ್ಲೇ ಇತ್ತು. ಆದರೆ ‘ಕೊಟ್ಟ ಹೆಣ್ಣು ಹೊರಗೆ’ ಎಂಬುದೇ ನಮ್ಮ ಹಿರಿಯರ ಪದ್ಧತಿ ಎಂದು ನಾವು ನಂಬಿದ್ದು ಹೇಗೆ? ನಮ್ಮ ನೆನಪನ್ನು ಅಳಿಸಿ ಅಲ್ಲಿ ಬೇರೆ ನೆನಪನ್ನು ಬರೆಯುವ ಶಕ್ತಿ ಪರದೆಗಿದೆ. ಅದಕ್ಕೇ ಅದನ್ನು ‘ಬರೀ ಸಿನಿಮಾ’ ಎಂದು ತಳ್ಳಿಹಾಕುವಂತಿಲ್ಲ.

ಹಾಗೆಂದು ಸಿನಿಮಾವನ್ನೇ ದೂರುತ್ತಿದ್ದೇನೆ ಎಂದುಕೊಳ್ಳಬೇಡಿ. ಅದೇ ಕನ್ನಡದಲ್ಲಿ ಬೇರೆ ಬಗೆಯ ಚಿತ್ರಗಳೂ ಬಂದಿವೆ. ತ್ರಿವೇಣಿಯವರ ಕಾದಂಬರಿಯಿಂದ ಪುಟ್ಟಣ್ಣ ಕಣಗಾಲ್ ಮಾಡಿದ ‘ಶರಪಂಜರ’ದಲ್ಲಿ (1971) ಚಿಕಿತ್ಸೆ ಪಡೆದು ಗುಣವಾಗಿ ಬಂದ ಕಾವೇರಿಯನ್ನು ಮನೆಯವರೂ ನೆರೆಹೊರೆಯವರೂ ‘ಹುಚ್ಚಿ’ ಎಂಬ ಕಣ್ಣಿನಿಂದಲೇ ನೋಡಿ ಮತ್ತೆ ಕುಸಿಯುವಂತೆ ಮಾಡುತ್ತಾರೆ. ಹೊಡೆತ ತಿಂದ ಹೆಂಗಸು ಬಾಯಿಬಿಟ್ಟರೆ ‘ಅವಳಿಗೆ ತಲೆ ಸರಿಯಿಲ್ಲ’ ಎನ್ನುವುದನ್ನು ನಾವು ಇಂದಿಗೂ ಕೇಳುತ್ತಿಲ್ಲವೇ? ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ದಲ್ಲಿ (1977) ಬಸುರಿಯಾದ ವಿಧವೆ ಯಮುನೆಗೆ ಬದುಕಿರುವಾಗಲೇ ಶ್ರಾದ್ಧ ಮಾಡುತ್ತಾರೆ. ಅವಳನ್ನು ಬಸುರಿ ಮಾಡಿದ ಮೇಷ್ಟ್ರಿಗೆ ಶಿಕ್ಷೆಯಿಲ್ಲ, ಶ್ರಾದ್ಧ ಮಾಡಿದ ತಂದೆ ತಾನು ಇನ್ನೊಂದು ಮದುವೆಗೆ ಸಿದ್ಧ. ಎಂ.ಕೆ. ಇಂದಿರಾ ಅವರ ಕಾದಂಬರಿಯನ್ನು ಪ್ರೇಮಾ ಕಾರಂತರು 1983ರಲ್ಲಿ ‘ಫಣಿಯಮ್ಮ’ ಮಾಡಿದರು. ಬಾಲ್ಯದಲ್ಲೇ ವಿಧವೆಯಾಗಿ ತಲೆ ಬೋಳಿಸಿಕೊಂಡ ಹಿರಿಯಳು, ತಲೆ ಕೊಡಲು ಒಲ್ಲೆನೆಂದ ಎಳೆಯ ವಿಧವೆಯ ಪರ ನಿಲ್ಲುತ್ತಾಳೆ. ಹೆಂಗಸಿಗೆ ಹೆಂಗಸು ಶತ್ರುವಲ್ಲ ಎಂದು ತೋರಿಸಲು ಒಬ್ಬ ಹೆಂಗಸೇ ಕ್ಯಾಮರಾದ ಹಿಂದೆ ನಿಲ್ಲಬೇಕಾಯಿತು. ಬಾನು ಮುಷ್ತಾಕರ ಕಥೆಯಿಂದ ಬಂದ ‘ಹಸೀನಾ’ದಲ್ಲಿ (2004) ಗಂಡ ಬಿಟ್ಟುಹೋದ ಬಡ ತಾಯಿ ಅಳುತ್ತಾ ಒಳಗೆ ಕೂರದೆ ಮಸೀದಿಯ ಮುಂದೆ ಕೂತು ನ್ಯಾಯ ಕೇಳುತ್ತಾಳೆ.

ನಮ್ಮ ಕರಾವಳಿಯದೇ ಕಥೆ ‘ಗುಲಾಬಿ ಟಾಕೀಸ್’ (2008). ವೈದೇಹಿಯವರ ಕಥೆಯನ್ನು ಆಧರಿಸಿದ ಕಾಸರವಳ್ಳಿಯವರ ಈ ಚಿತ್ರದಲ್ಲಿ ಉಮಾಶ್ರೀ ಸೂಲಗಿತ್ತಿ ಗುಲಾಬಿ. ಸಿನಿಮಾ ಹುಚ್ಚಿನ ಅವಳ ಗುಡಿಸಲಿಗೆ ಟಿ.ವಿ. ಬಂದಾಗ ಕೇರಿಯ ಹೆಂಗಸರು ಜಾತಿ ಮತ ನೋಡದೆ ಅಲ್ಲಿ ಸೇರುತ್ತಾರೆ, ಕಷ್ಟಸುಖ ಹೇಳಿಕೊಳ್ಳುತ್ತಾರೆ. 1999ರ ಕಾರ್ಗಿಲ್ ಯುದ್ಧದ ಹೊತ್ತಿಗೆ ದ್ವೇಷ ಹಬ್ಬಿದಾಗ ಅದೇ ಗುಲಾಬಿ ಒಂಟಿಯಾಗುತ್ತಾಳೆ. ನಮ್ಮ ಸಂಘದಲ್ಲೂ ಎಲ್ಲ ಮತದವರಿದ್ದೇವೆ. ಹೆಂಗಸರು ಒಂದೇ ಚಾಪೆಯ ಮೇಲೆ ಕೂರುವ ಜಾಗ ಒಡೆದರೆ ಮೊದಲು ಬಾಯಿ ಕಟ್ಟುವುದು ಪೆಟ್ಟು ತಿನ್ನುತ್ತಿರುವವಳದು ಎಂದು ಆ ಚಿತ್ರ ನೋಡಿದಾಗ ನನಗೆ ಅನ್ನಿಸಿತು.

1983ರಲ್ಲಿ ಯುಗಾಂತರ ತಂಡದ ದೀಪಾ ಧನರಾಜ್ ಮತ್ತು ಗೆಳತಿಯರು ಹೈದರಾಬಾದಿನ ಸ್ತ್ರೀಶಕ್ತಿ ಸಂಘಟನೆಯ ಜೊತೆ ಸೇರಿ ಕೌಟುಂಬಿಕ ಹಿಂಸೆಯ ಬಗ್ಗೆ ತೆಲುಗಿನಲ್ಲಿ ಒಂದು ಚಿಕ್ಕ ಚಿತ್ರ ಮಾಡಿದರು. ಅದರ ಹೆಸರು ‘ಇದಿ ಕಥಾ ಮಾತ್ರಮೇನಾ’, ಅಂದರೆ ‘ಇದು ಬರೀ ಕಥೆಯೇ?’ ಚಿತ್ರ ಮುಗಿದ ಮೇಲೆ ಹೆಂಗಸರು ಪರಸ್ಪರ ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಅದೇ.

ಈಗ ಟಾಕೀಸಿಗೆ ಹೋಗಬೇಕಾಗಿಲ್ಲ. ಸಂಜೆಯ ಧಾರಾವಾಹಿ, ಕೈಯಲ್ಲಿನ ಮೊಬೈಲು ಮನೆಯೊಳಗೇ ಅದೇ ಪಾಠ ಹೇಳುತ್ತಿವೆ. ಅದೇ ಜೋರಿನ ಅತ್ತೆ, ಅದೇ ತಾಳ್ಮೆಯ ಸೊಸೆ, ಒಂದೇ ಪೆಟ್ಟನ್ನು ಗುಡುಗಿನ ಸದ್ದಿನೊಂದಿಗೆ ಮೂರು ಸಲ ತೋರಿಸುವುದು. ನೋಡಬೇಡಿ ಎಂದು ನಾನು ಹೇಳಿದರೆ ನೀವು ಕೇಳುವುದಿಲ್ಲ, ನಾನೂ ನೋಡುವವಳೇ. ಆದರೆ ನೋಡುವಾಗ ಮಗಳನ್ನೂ ಮಗನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ನಾಲ್ಕು ಮಾತು ಕೇಳಿ. ಹೊಡೆದವರು ಯಾರು? ಅವರಿಗೆ ಏನಾಯಿತು? ಅವಳಿಗೆ ಹೋಗಲು ಬೇರೆ ದಾರಿ ಇರಲಿಲ್ಲವೇ? ಇದ್ದ ದಾರಿಯನ್ನು ಕಥೆ ಬರೆದವರು ಏಕೆ ಮುಚ್ಚಿದರು?

ದಾರಿ ಇದೆ. 498ಎ ಕಲಮಿನ ಜಾಗದಲ್ಲಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಂಗಳಿವೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ರಕ್ಷಣೆಯ ಆದೇಶ, ವಾಸದ ಹಕ್ಕು, ಜೀವನಾಂಶ ಕೇಳಬಹುದು. 181ಕ್ಕೆ ಕರೆ ಮಾಡಬಹುದು. ಎಲ್ಲಕ್ಕಿಂತ ಮೊದಲು, ತವರಿಗೆ ಬಂದವಳನ್ನು ಕೂರಿಸಿ “ಹೊಡೆದದ್ದು ಯಾರು?” ಎಂದು ಕೇಳಬಹುದು. ಆ ಒಂದು ಪ್ರಶ್ನೆ ನಾನು ಕೇಳಿದ್ದರೆ!

ಮುಂದಿನ ತಿಂಗಳಿನಿಂದ ಸಭೆ ಮುಗಿದ ಮೇಲೆ ಒಂದು ಚಿತ್ರ ಹಾಕಿ ಮಾತಾಡುವುದೆಂದು ನಮ್ಮ ಸಂಘ ನಿರ್ಣಯಿಸಿದೆ. ನಿಮ್ಮ ಸಂಘದಲ್ಲೂ ಮಾಡಿ ನೋಡಿ. ಮೊದಲು ಯಾವುದು ಹಾಕೋಣ ಎಂದು ತಂಗಿಯನ್ನು ಕೇಳಿದೆ.

“ಯಾವುದಾದರೂ ಹಾಕು ಅಕ್ಕ, ಸ್ವರ ಮಾತ್ರ ಸ್ವಲ್ಪ ದೊಡ್ಡದು ಇಡು” ಎಂದಳು.