ಕಳೆದ ಅಂಕಗಳೂ ಕೇಳುವ ಹಕ್ಕೂ

ಪರೀಕ್ಷೆಯ ಫಲಿತಾಂಶ ಪ್ರಕಟವಾದೊಡನೆ ನಮ್ಮ ನಡುವೆ ಎರಡು ಬಗೆಯ ವಿದ್ಯಾರ್ಥಿಗಳು ಕಾಣಬರುತ್ತಾರೆ. ನಿರೀಕ್ಷಿಸಿದ್ದಕ್ಕಿಂತ ಹತ್ತು ಅಂಕ ಕಡಮೆ ಬಂದರೆ ಒಬ್ಬನು 'ನನ್ನ ಹಣೆಬರಹ' ಎಂದು ಮೌನವಾಗುತ್ತಾನೆ. ಇನ್ನೊಬ್ಬನು 'ಪರೀಕ್ಷಕರು ಓದದೆಯೇ ಗೀಚಿದ್ದಾರೆ' ಎಂದು ಠಾಣೆಯಿಂದ ಕಲ್ಯಾಣದವರೆಗೆ ರೈಲುಡಬ್ಬಿಯಲ್ಲೆಲ್ಲ ಸಾರುತ್ತಾನೆ. ಇವರಿಬ್ಬರೂ ಒಂದು ವಿಷಯದಲ್ಲಿ ಸಮಾನರು: ತಮ್ಮ ಉತ್ತರ ಪತ್ರಿಕೆಯನ್ನು ಇಬ್ಬರೂ ಕಂಡಿಲ್ಲ. ಕಾಣದ ಪತ್ರಿಕೆಯ ವಿಷಯವಾಗಿ ಮೌನವೂ ಸಲ್ಲದು, ಕೂಗಾಟವೂ ಸಲ್ಲದು ಎಂಬುದೇ ನಮ್ಮ ಅಭಿಪ್ರಾಯ.

ಗುರುಗಳು ಕೊಟ್ಟ ಅಂಕವನ್ನು ಪ್ರಶ್ನಿಸುವುದು ಅವಿನಯವೆಂದು ನಮ್ಮ ಮನೆಗಳಲ್ಲಿ ಹಲವರು ಭಾವಿಸುತ್ತಾರೆ. ಈ ಭಾವನೆಯ ಮೂಲದಲ್ಲಿರುವ ಗುರುಭಕ್ತಿ ಗೌರವಕ್ಕೆ ಅರ್ಹವಾದುದೇ. ಆದರೆ ನೂರಾರು ಪತ್ರಿಕೆಗಳನ್ನು ತಿದ್ದುವ ಕೈ ಒಂದು ಪುಟವನ್ನು ಮಗುಚದೆ ಬಿಡಬಹುದು. ಕೂಡಿಸುವಾಗ ಒಂದು ಅಂಕೆ ತಪ್ಪಬಹುದು. ಅದನ್ನು ವಿನಯದಿಂದ ತೋರಿಸಿದರೆ ಗುರುವಿಗೆ ಅಪಮಾನವಾಗುವುದಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಗಾದೆಯೇ ಹೇಳುತ್ತಿರುವಾಗ, ಪ್ರತ್ಯಕ್ಷವನ್ನೇ ಕಾಣದವನು ಪ್ರಮಾಣವನ್ನು ಕೇಳಿದರೆ ತಪ್ಪೇನು?

ಈ ಪ್ರಶ್ನೆ ನಮ್ಮ ಮಹಾರಾಷ್ಟ್ರದಿಂದಲೇ ದೇಶದ ಅತ್ಯುನ್ನತ ನ್ಯಾಯಾಲಯದವರೆಗೆ ಹೋಗಿತ್ತೆಂಬುದನ್ನು ವಿದ್ಯಾರ್ಥಿಗಳು ತಿಳಿದಿರಬೇಕು. ನಮ್ಮ ರಾಜ್ಯದ ಮಾಧ್ಯಮಿಕ ಮತ್ತು ಉಚ್ಚ ಮಾಧ್ಯಮಿಕ ಶಿಕ್ಷಣ ಮಂಡಳಿಯ ಆಗಿನ ನಿಯಮದಂತೆ, ಹನ್ನೆರಡನೆಯ ತರಗತಿಯ ವಿದ್ಯಾರ್ಥಿಯು ಅಂಕಗಳ ಕೂಡಿಕೆ ಸರಿಯಿದೆಯೇ, ಎಲ್ಲ ಉತ್ತರಗಳನ್ನೂ ಪರಿಶೀಲಿಸಲಾಗಿದೆಯೇ ಎಂಬುದನ್ನಷ್ಟೇ ಕೇಳಬಹುದಾಗಿತ್ತು. ಉತ್ತರ ಪತ್ರಿಕೆಯನ್ನು ನೋಡುವುದಕ್ಕಾಗಲಿ ಮರುಮೌಲ್ಯಮಾಪನಕ್ಕಾಗಲಿ ಅವಕಾಶವಿರಲಿಲ್ಲ. ವಿದ್ಯಾರ್ಥಿಗಳು ಮುಂಬಯಿ ಉಚ್ಚ ನ್ಯಾಯಾಲಯಕ್ಕೆ ಹೋಗಿ ಗೆದ್ದರು. ಆದರೆ 1984ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ತಳ್ಳಿಹಾಕಿ ಮಂಡಳಿಯ ನಿಯಮವನ್ನೇ ಎತ್ತಿಹಿಡಿಯಿತು. ಅಸಂಖ್ಯ ವಿದ್ಯಾರ್ಥಿಗಳ ಪರೀಕ್ಷೆಗೆ ಎಲ್ಲಿಯಾದರೂ ಒಂದು ಕೊನೆಯಿರಬೇಕು ಎಂಬುದು ಅದರ ಮುಖ್ಯ ಕಾರಣಗಳಲ್ಲಿ ಒಂದು.

ಮುಂದೆ 2005ರಲ್ಲಿ ಮಾಹಿತಿ ಹಕ್ಕು ಅಧಿನಿಯಮವು ಬಂದಿತು. 2011ರಲ್ಲಿ ಕೇಂದ್ರೀಯ ಪರೀಕ್ಷಾ ಮಂಡಳಿಯಾದ ಸಿ.ಬಿ.ಎಸ್.ಇ.ಯ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು, ತಿದ್ದಿದ ಉತ್ತರ ಪತ್ರಿಕೆಯೂ 'ಮಾಹಿತಿ'ಯೇ, ಅದನ್ನು ನೋಡುವ ಹಾಗೂ ಪ್ರತಿ ಪಡೆಯುವ ಹಕ್ಕು ಬರೆದವನಿಗೆ ಉಂಟು ಎಂದು ನಿರ್ಣಯಿಸಿತು. ಆ ತೀರ್ಪನ್ನು ಬರೆದ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್ ಅವರು ಹಿಂದೆ ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿದ್ದವರೆಂಬುದು ಕನ್ನಡಿಗರಿಗೆ ಸಂತೋಷದ ಸಂಗತಿ. ಆದರೆ ಅದೇ ತೀರ್ಪು ಎರಡು ಮಿತಿಗಳನ್ನೂ ಹಾಕಿತು: ಪರೀಕ್ಷಕರ ಹೆಸರನ್ನು ತಿಳಿಸಬೇಕಾಗಿಲ್ಲ, ನೋಡುವ ಹಕ್ಕು ಇದೆಯೆಂದ ಮಾತ್ರಕ್ಕೆ ಮರುಮೌಲ್ಯಮಾಪನದ ಹಕ್ಕು ಹುಟ್ಟುವುದಿಲ್ಲ. ಆ ಎರಡನೆಯದು ಆಯಾ ಮಂಡಳಿಯ ನಿಯಮವನ್ನು ಅವಲಂಬಿಸಿದ್ದು.

ನಮ್ಮ ರಾಜ್ಯದ ಮಂಡಳಿಯ ನಿಯಮವೂ ಈಗ ಬದಲಾಗಿದೆ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ವಿದ್ಯಾರ್ಥಿಗಳು ವಾಶಿಯಲ್ಲಿರುವ ಮುಂಬಯಿ ವಿಭಾಗೀಯ ಮಂಡಳಿಗೆ ಸೇರಿದವರು. ಅಂಕಗಳ ಪರಿಶೀಲನೆ, ಉತ್ತರ ಪತ್ರಿಕೆಯ ಛಾಯಾಪ್ರತಿ, ಮರುಮೌಲ್ಯಮಾಪನ ಎಂಬ ಮೂರು ದಾರಿಗಳು ಇಂದು ಅವರಿಗೆ ತೆರೆದಿವೆ. ಮರುಮೌಲ್ಯಮಾಪನ ಬೇಕೆನ್ನುವವನು ಮೊದಲು ಛಾಯಾಪ್ರತಿಯನ್ನು ಪಡೆಯಲೇಬೇಕು. ಈ ಕ್ರಮದಲ್ಲಿ ಒಂದು ವಿವೇಕವಿದೆ: ಮೊದಲು ನೋಡು, ಅನಂತರ ವಾದಿಸು.

ಇನ್ನು ವಾದಿಸುವ ಬಗೆಯನ್ನು ಕುರಿತು ಎರಡು ಮಾತು. ನಮ್ಮ ಹಿರಿಯರು ಪೌರನೀತಿ ಎನ್ನುತ್ತಿದ್ದ, ನಾವು ರಾಜ್ಯಶಾಸ್ತ್ರವೆಂದು ಓದುವ ವಿಷಯವನ್ನೇ ತೆಗೆದುಕೊಳ್ಳೋಣ. ನಮ್ಮ ಸಂವಿಧಾನವು ಎಂದು ಜಾರಿಗೆ ಬಂದಿತೆಂಬ ಪ್ರಶ್ನೆಗೆ ಒಬ್ಬಳು, 'ಕೆಲವು ಅನುಚ್ಛೇದಗಳು 1949ರ ನವೆಂಬರ್ 26ರಂದೇ, ಉಳಿದವು 1950ರ ಜನವರಿ 26ರಂದು' ಎಂದು ಬರೆದಳೆನ್ನಿ. ಪರೀಕ್ಷಕರು ಅದನ್ನು ತಪ್ಪೆಂದು ಹೊಡೆದುಹಾಕಿದ್ದರೆ ಅವಳು ಸಂವಿಧಾನದ 394ನೆಯ ಅನುಚ್ಛೇದವನ್ನು ತೆರೆದು ತೋರಿಸಬಹುದು. ಅಲ್ಲಿ ಹಾಗೆಯೇ ಇದೆ. ಇದು ವಾದ. ಇನ್ನೊಬ್ಬನು ತಂದೆಯ ಹಳೆಯ ಪುಸ್ತಕವನ್ನು ನಂಬಿ ಮೂಲಭೂತ ಹಕ್ಕುಗಳು ಏಳು ಎಂದು ಬರೆದನೆನ್ನಿ. ಆಸ್ತಿಯ ಹಕ್ಕು 1978ರ 44ನೆಯ ತಿದ್ದುಪಡಿಯಿಂದ ಆ ಪಟ್ಟಿಯನ್ನು ಬಿಟ್ಟುಹೋಗಿ ಈಗ ಉಳಿದಿರುವುದು ಆರೇ. ಅವನು ಎಷ್ಟು ನೊಂದರೂ ಅಂಕವು ಅವನದಲ್ಲ. 'ನಾನು ರಾತ್ರಿಯೆಲ್ಲ ಓದಿದ್ದೆ', 'ನನ್ನ ಗೆಳೆಯನಿಗೆ ಕೊಟ್ಟಿದ್ದಾರೆ', 'ಪ್ರವೇಶಕ್ಕೆ ಎರಡೇ ಅಂಕ ಸಾಲದು' ಎಂಬಿವು ಯಾವುವೂ ವಾದಗಳಲ್ಲ. ಪ್ರಶ್ನೆ ಕೇಳಿದ್ದೇನು, ನಾವು ಬರೆದದ್ದೇನು, ಗ್ರಂಥವು ಹೇಳುವುದೇನು — ಈ ಮೂರರ ಹೊರಗೆ ಒಂದು ಮಾತನ್ನೂ ಆಡಬಾರದು.

ಛಾಯಾಪ್ರತಿಗೂ ಮರುಮೌಲ್ಯಮಾಪನಕ್ಕೂ ಶುಲ್ಕ ತೆರಬೇಕಾಗುತ್ತದೆ. ನಮ್ಮಲ್ಲಿ ಅನೇಕರ ಮನೆಗಳಿಗೆ ಅದೂ ಒಂದು ಭಾರವೇ. ಆದಕಾರಣ ಅರ್ಜಿ ಹಾಕುವ ಮುನ್ನ ವಿಷಯದ ಅಧ್ಯಾಪಕರ ಮುಂದೆ ಕುಳಿತು, ಪ್ರಶ್ನೆಪತ್ರಿಕೆಯನ್ನಿಟ್ಟುಕೊಂಡು, ಬರೆದುದನ್ನು ನೆನಪಿನಿಂದ ಹೇಳಿ ಅವರ ಸಲಹೆ ಕೇಳುವುದು ಲೇಸು. ಛಾಯಾಪ್ರತಿ ಬಂದ ಮೇಲೆಯೂ ಅವರಿಗೆ ತೋರಿಸದೆ ಮುಂದುವರಿಯಬಾರದು. ಪ್ರಶ್ನೆಪತ್ರಿಕೆಯ ಕನ್ನಡ ಅನುವಾದದಲ್ಲಿಯೇ ದೋಷವಿದ್ದರೆ ಅದು ಒಬ್ಬನ ವ್ಯಾಜ್ಯವಲ್ಲ. ಕನ್ನಡ ಮಾಧ್ಯಮದ ಎಲ್ಲರದೂ. ಅಂಥದನ್ನು ಮುಖ್ಯೋಪಾಧ್ಯಾಯರ ಗಮನಕ್ಕೆ ಕೂಡಲೇ ತರತಕ್ಕದ್ದು.

ಹೀಗೆ ಕೇಳಿದರೆ ಅಧ್ಯಾಪಕರಿಗೆ ಬಿಡುವೇ ಇಲ್ಲದಂತಾಗುವುದೆಂದು ಕೆಲವರು ಆಕ್ಷೇಪಿಸಬಹುದು. ಮೊದಲು ನೋಡಿ, ಆಧಾರವಿದ್ದರೆ ಮಾತ್ರ ಕೇಳುವವರು ಬಹಳ ಮಂದಿ ಇರಲಾರರು. ಹೆಚ್ಚಿನವರು ತಮ್ಮ ತಪ್ಪನ್ನು ತಾವೇ ಕಂಡು ಹಿಂದಿರುಗುವರು. ಅದೂ ಒಂದು ಪಾಠವೇ.

ಮಿತ್ರರೇ, ಈ ಹಕ್ಕಿಗೆ ಅಂಟಿಕೊಂಡು ಒಂದು ಕರ್ತವ್ಯವೂ ಬಂದಿದೆ. ಶಾಲೆಯ ಪರೀಕ್ಷೆಯಲ್ಲಿ ಕೂಡಿಕೆ ತಪ್ಪಿ ನಮಗೆ ಐದು ಅಂಕ ಹೆಚ್ಚಾಗಿ ಬಂದಿದ್ದರೆ ಅದನ್ನೂ ಹೋಗಿ ಹೇಳಬೇಕು. ಕಳೆದುದನ್ನು ಮಾತ್ರ ಕೇಳಿ, ಹೆಚ್ಚು ಬಂದುದನ್ನು ಜೇಬಿಗಿಳಿಸುವವನು ನ್ಯಾಯವನ್ನು ಕೇಳುತ್ತಿಲ್ಲ, ಲಾಭವನ್ನು ಕೇಳುತ್ತಿದ್ದಾನೆ. ಎರಡನ್ನೂ ಹೇಳಬಲ್ಲವನ ಮಾತಿಗೆ ಯಾವ ಗುರುವೂ ಕಿವಿಗೊಡದಿರಲಾರರು. ಸಂವಿಧಾನದ ಅನುಚ್ಛೇದಗಳನ್ನು ಬಾಯಿಪಾಠ ಮಾಡಿ ನಾವು ಗಳಿಸುವ ಅಂಕಗಳಿಗಿಂತ, ನಮ್ಮದಾದ ಒಂದು ಅಂಕವನ್ನು ಆಧಾರಸಹಿತವಾಗಿ, ತಲೆಯೆತ್ತಿ, ಸೌಮ್ಯವಾಗಿ ಕೇಳಲು ಕಲಿತರೆ ನಾವು ಹೆಚ್ಚಿನ ಪೌರರಾಗುವೆವು.